ಇನ್ನೈದು ವರ್ಷ

ನಾಲ್ಕೂಕಾಲಿಗೆ ಉಪ್ಪಳ ಬಿಡಬೇಕು. ಬಾಯಾರಿನ ಮದುಮಗಳು
ತಲೆಗೆ ಮಿಂದು, ಕೂದಲು ಹರಡಿ ಕೂತಿರುತ್ತಾಳೆ.
ಹಿಂದಿನ ಸೀಟಿನಲ್ಲಿ ಜಲಜಾಕ್ಷಿ, ಮಡಿಲಲ್ಲಿ ಆಭರಣದ ಪೆಟ್ಟಿಗೆ,
ಕಾಲಬುಡದಲ್ಲಿ ಒದ್ದೆ ಬಾಳೆಲೆಯೊಳಗೆ ಮಲ್ಲಿಗೆ.
ಕೀಲಿ ತಿರುಗಿಸಿದರೆ ಟಕ್.
ಮತ್ತೆ ಟಕ್.
ನಾನು ಇಳಿಯುತ್ತೇನೆ, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ,
ಬಾನೆಟ್ಟೆತ್ತಿ, ಮೊಬೈಲನ್ನು ಹಲ್ಲಲ್ಲಿ ಕಚ್ಚಿ,
ಸ್ಟಾರ್ಟರಿನ ಬೆನ್ನಿಗೆ ಜಾಕಿಯ ರಾಡಿನಿಂದ ಎರಡು ಪೆಟ್ಟು.
ಜೋರಾಗಿ ಅಲ್ಲ,
ನಿದ್ದೆಯ ಮಗುವನ್ನು ಶಾಲೆಗೆ ಎಬ್ಬಿಸುವಷ್ಟು.
ಜಲಜಾಕ್ಷಿ ಮುಂದಕ್ಕೆ ಬಾಗಿ ಕೀಲಿ ತಿರುಗಿಸುತ್ತಾಳೆ.
ಹಿಡಿಯಿತು.

ಕಾಸರಗೋಡಿನ ಶೋರೂಮಿನಲ್ಲಿ ಜಿಷ್ಣು ಎಂಬ ಹುಡುಗ
ಕನ್ನಡವನ್ನು ಎಚ್ಚರದಿಂದ ಜೋಡಿಸುತ್ತ ಹೇಳಿದ:
"ಕೊಳ್ಳುವುದೇ ಬೇಡ ಚೇಚಿ, ತಿಂಗಳಿಗಿಷ್ಟು ಕಟ್ಟಿ.
ಟೈರು, ಇನ್ಶೂರೆನ್ಸು, ಸರ್ವೀಸು ಎಲ್ಲ ನಮ್ಮದು.
ಐದು ವರ್ಷ ಓಡಿಸಿ, ಕೀಲಿ ವಾಪಸು ಕೊಡಿ,
ಇನ್ನೊಂದು ಹೊಸದು ತಕ್ಕೊಂಡು ಹೋಗಿ."
ಎಸಿಯಲ್ಲಿ ಕೂತು ಅವನು ಕೊಟ್ಟ ನಿಂಬೆ ಶರಬತ್ತು ಕುಡಿದೆ.
ಅರ್ಥವಾಗದ್ದೇನಲ್ಲ. ನನ್ನ ವ್ಯಾಪಾರವೂ ಅದೇ:
ಸೊಂಟಪಟ್ಟಿಗೆ ದಿನಕ್ಕೆ ಎಂಟುನೂರು, ಜಡೆಬಿಲ್ಲೆಗೆ ಐನೂರು.
ಬಿಚ್ಚಿ ಕೊಡುವಾಗ ಕೊಂಡಿ ಇನ್ನೂ ಬೆಚ್ಚಗಿರುತ್ತದೆ.
ನಾನು ಎಣಿಸುತ್ತೇನೆ.
ಒಂದು ಕಲ್ಲು ಹೋಗಿದ್ದರೂ ಮುಂಗಡದಲ್ಲಿ ಹಿಡಿಯುತ್ತೇನೆ,
ಮುಖ ನೋಡದೆ.
"ಗೀರು ಬಿದ್ದರೆ?" ಎಂದು ಕೇಳಿದೆ.
"ಅದು ಕೊನೆಗೆ ನೋಡ್ತೇವೆ" ಅಂದ,
ಕಾಗದ ಮಗುಚುತ್ತ, ಮುಖ ನೋಡದೆ.

ಅಂದುಂಞಿಚ್ಚನ ಗ್ಯಾರೇಜಿನ ಮುಂಭಾಗವನ್ನು ಹೈವೇ ನುಂಗಿತು.
ಈಗ ಸರ್ವೀಸ್ ರೋಡಿನಿಂದ ಇಳಿದು, ಐಸ್ ಫ್ಯಾಕ್ಟರಿ ಬಳಸಿ,
ಹಿಂಬಾಗಿಲಿನಿಂದ ಹೋಗಬೇಕು, ಸಾಲ ಕೇಳುವವರ ಹಾಗೆ.
"ಕಡಲ ಗಾಳಿ ಅಕ್ಕ, ನೆಲ ಪೂರಾ ತಿಂದಿದೆ.
ಮ್ಯಾಟೆತ್ತಿದರೆ ರಸ್ತೆ ಕಾಣ್ತದೆ. ಮೇಲಿಂದ ಪುಟ್ಟಿ ಹಚ್ಚಲಾ?"
ಬೇಡ ಅಂದೆ.
ಮೊಡವೆಯನ್ನು ಫೋಟೋ ಮುಗಿಯುವವರೆಗೆ ದಾಟಿಸುವ ವಿದ್ಯೆ ನನಗೂ ಗೊತ್ತು,
ಮಳೆಗಾಲ ದಾಟಿಸಲು ಅದು ಸಾಲದು.
ಕೊರೆದು ತೆಗೀರಿ, ಹೊಸ ತಗಡಿಡಿ.

ಕ್ಲಚ್ಚು, ರೇಡಿಯೇಟರು, ವೆಲ್ಡಿಂಗು ಸೇರಿ ಮೂವತ್ತೊಂದು ಸಾವಿರ.
ಮಾರಿದರೆ ಅಷ್ಟು ಹುಟ್ಟುವುದಿಲ್ಲ. ಅವರೇ ಹೇಳಿದರು:
"ಬಿಟ್ಟುಬಿಡಿ ಅಕ್ಕ. ಒಂದು ಬುಶ್ಶಿಗೆ
ನಾಲ್ಕು ಊರಿಗೆ ಫೋನು ಮಾಡಬೇಕು. ನನ್ನ ಕಣ್ಣಿಗೂ ಪೊರೆ."
ಗಿರಾಕಿಯನ್ನು ಕಳೆದುಕೊಳ್ಳುವ ಮಾತನ್ನು
ಕೈ ಒರೆಸಿಕೊಂಡು ಹೇಳಿದರು.

ಮೂರು ದಿನ ಬಿಟ್ಟು ಹೋದರೆ ಒಂದು ಗ್ರೀಸಿನ ಡಬ್ಬಿ ಕೈಗಿಟ್ಟರು.
"ಸೀಟು ಬಿಚ್ಚಿದಾಗ ಸಿಕ್ಕಿದ್ದು."
ಇಪ್ಪತ್ತೊಂದು ವರ್ಷದ ಹೇರ್‌ಪಿನ್ನು, ಸೇಫ್ಟಿ ಪಿನ್ನು,
ಮಲ್ಲಿಗೆ ಉದುರಿಹೋದ ಬಾಳೆನಾರು,
ಐವತ್ತು ಪೈಸೆ, ಯಾರದೋ ಒಂಟಿ ಕಾಲುಂಗುರ,
ಮತ್ತೆ ತಳದಲ್ಲಿ, ತುಕ್ಕಿನ ಪುಡಿಯೊಳಗೆ,
ಒಂದು ಕೆಂಪು ಕಲ್ಲು.

ಸೊಂಟಪಟ್ಟಿಯದು.
ಯಾವ ಹುಡುಗಿಯ ಮುಂಗಡದಲ್ಲಿ ಇನ್ನೂರು ಹಿಡಿದಿದ್ದೆನೋ.
ಜೋಡುಕಲ್ಲಿನವಳಾ? ಚಿಪ್ಪಾರಿನವಳಾ?
"ನಾನು ಬೀಳಿಸಲಿಲ್ಲ ಅಕ್ಕ" ಅಂದಿದ್ದಳು.
ಅವಳಮ್ಮ ಸೆರಗಿನ ಗಂಟು ಬಿಚ್ಚಿದ್ದು ನೆನಪಿದೆ,
ಊರು ನೆನಪಿಲ್ಲ.

ಮರುವಾರ ಆರ್‌ಟಿಓದಲ್ಲಿ ಹಸಿರು ತೆರಿಗೆ ಕಟ್ಟಿದೆ.
ಇನ್ನೈದು ವರ್ಷ ಎಂದು ಬರೆದುಕೊಟ್ಟರು.
ಇದು ಜಾಣತನವೆಂದು ಯಾರಿಗೂ ಹೇಳಲಾರೆ.
ಬಾಯಾರಿನ ಮದುಮಗಳ ಚಿಕ್ಕಮ್ಮ ಅಂಗಳದಲ್ಲೇ ನಿಂತು
"ಇನ್ನೂ ಇದೇ ಗಾಡಿಯಾ?" ಎಂದು ನಕ್ಕು
ಮುನ್ನೂರು ಕಡಿಮೆ ಮಾಡಿ ಅಂದಳು. ಮಾಡಿದೆ.

ಕಲ್ಲು ಗೇರಿನ ಹಿಂದಿನ ಆ್ಯಶ್‌ಟ್ರೇಯಲ್ಲಿದೆ.
ಪೈವಳಿಕೆಯ ತಿರುವಿನಲ್ಲಿ, ಗುಂಡಿ ಹಾರಿದಾಗಲೆಲ್ಲ,
ಕಣ್, ಕಣ್ ಅನ್ನುತ್ತದೆ.
"ಏನೋ ಲೂಸಾಗಿದೆ ಅಕ್ಕ" ಅನ್ನುತ್ತಾಳೆ ಜಲಜಾಕ್ಷಿ,
"ಅಂದುಂಞಿಚ್ಚನಿಗೆ ಒಮ್ಮೆ ತೋರಿಸಿ."